ಹೆಸ್ಟರಳಿಗೆ, ಡುಬ್ಯೂಕಿನಿಂದ

*ಬಾಸ್ಟನ್, ಅಕ್ಟೋಬರ್ ಒಂಬತ್ತು, ೧೮೮೩*

ಹಡಗಿಳಿದು ಎರಡು ದಿನವಾದರೂ ನೆಲ ತೂಗುತ್ತಲೇ ಇದೆ, ಹೆಸ್ಟರ್.
ಪೆಟ್ಟಿಗೆ ಸುರಕ್ಷಿತ. ಗಾಜಿನ ಚಿತ್ರಗಳಲ್ಲಿ ಒಡೆದದ್ದು ಒಂದೇ,
ರೆನ್ ಹಕ್ಕಿಯ ಗೂಡು. ಬಿರುಕು ನೇರ ಮೊಟ್ಟೆಯ ಮೇಲೆ ಬಂದಿದೆ,
ತೆರೆಯಲ್ಲಿ ಅದು ಈಗಷ್ಟೇ ಮರಿಯೊಡೆಯುತ್ತಿರುವಂತೆ ಕಾಣುತ್ತದೆ.
ಜನ ಚಪ್ಪಾಳೆ ತಟ್ಟಿದರು. ನಾನು ತಿದ್ದಲಿಲ್ಲ.

ಏಜೆಂಟ್ ಪೆಟಿಬೋನನ ಬುದ್ಧಿವಾದ:
ಶಾಸ್ತ್ರ ಕಡಿಮೆ ಮಾಡಿ ಸ್ವಾಮಿ, ಶಿಳ್ಳೆ ಜಾಸ್ತಿ ಮಾಡಿ.
ಭಿತ್ತಿಪತ್ರದಲ್ಲಿ ನನ್ನ ಹೆಸರಿಗಿಂತ ದಪ್ಪಕ್ಷರದಲ್ಲಿ
‘ಮೂವತ್ತೊಂದು ಹಕ್ಕಿ, ಒಂದೇ ಗಂಟಲು.’
ರಾತ್ರಿಗೆ ನಲವತ್ತು ಡಾಲರ್.
ಸೋರುವ ಮಾಡಿನ ಲೆಕ್ಕ ನೀನೇ ಹಾಕಿಕೋ.

*ಯುಟಿಕಾ, ಇಪ್ಪತ್ತೆರಡು*

ಕೋಣೆಯ ಒಲೆ ಕೆಂಪಗೆ ಕಾಯುವವರೆಗೆ ಉರಿಸುತ್ತಾರೆ,
ಆಮೇಲೆ ನೀರಿಗೆ ಐಸು ಹಾಕಿ ಕುಡಿಯುತ್ತಾರೆ.
ಪಾದ್ರಿಯೊಬ್ಬ ಎದ್ದು ಕೇಳಿದ:
ಹಕ್ಕಿ ಹಾಡುವುದು ಸಂಗಾತಿಗೋ, ದೇವರಿಗೋ?
ಯಾರು ಹತ್ತಿರವಿದ್ದಾರೋ ಅವರಿಗೆ, ಎಂದೆ.
ಅವನಿಗೆ ನಗು ಬರಲಿಲ್ಲ.
ನೆಗಡಿಯಾಗಿದೆ. ಕಿವಿಯಲ್ಲಿ ಅರಳೆ ತುರುಕಿದಂತೆ.
ರೈಲಿನ ಗದ್ದಲವಿರಬಹುದು.

*ಡೇಟನ್, ನವೆಂಬರ್, ತಾರೀಖು ಮರೆತಿದೆ*

ಇಲ್ಲಿ ಗುಬ್ಬಚ್ಚಿಗಳ ಮೇಲೆ ಯುದ್ಧ ಸಾರಿದ್ದಾರೆ.
ನಮ್ಮವೇ ಹೆಸ್ಟರ್, ನಮ್ಮ ಲಾಯದ ಕಂದು ಪೋಕರಿಗಳು.
ಮೂವತ್ತು ವರ್ಷದ ಹಿಂದೆ ಯಾರೋ ಪಂಜರದಲ್ಲಿ ತಂದು
ಬೀದಿಮರದ ಹುಳು ತಿನ್ನಲೆಂದು ಬಿಟ್ಟರಂತೆ.
ಹುಳುವೊಂದನ್ನು ಬಿಟ್ಟು ಉಳಿದದ್ದೆಲ್ಲ ತಿಂದವು.
ಇಲ್ಲಿಯ ನೀಲಿಹಕ್ಕಿಯ ಪೊಟರೆಗೆ ನುಗ್ಗಿ
ಮೊಟ್ಟೆ ಹೊರಗೆಸೆದು ಸಂಸಾರ ಹೂಡಿದವು.
ಕಮಿಟಿಯವರು ಕಾಗದ ಮುಂದಿಟ್ಟರು:
ಕೊಲ್ಲತಕ್ಕದ್ದು, ಎಂಬುದಕ್ಕೆ ಇಂಗ್ಲಿಷ್ ಪಂಡಿತನ ರುಜು ಬೇಕು.
ಅವರು ಹೇಳುವುದು ಅಕ್ಷರಶಃ ನಿಜ.
ಲೇಖನಿ ತೆಗೆದೆ. ಕಿಟಕಿಯಾಚೆ ಚಿಂವ್ ಚಿಂವ್,
ಶ್ರಾಪ್‌ಶೈರಿನ ಉಚ್ಚಾರದಲ್ಲೇ.
ಶಾಯಿ ಮುಗಿದಿದೆ, ಎಂದೆ.

*ಡುಬ್ಯೂಕ್, ಡಿಸೆಂಬರ್ ಒಂದು*

ಈ ಪತ್ರವನ್ನು ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಬೇಡ.

ಮಿಸಿಸಿಪ್ಪಿ ಅಂಚಿನಿಂದ ಹೆಪ್ಪುಗಟ್ಟುತ್ತಿದೆ.
ಜರ್ಮನರ ಸಭಾಂಗಣ. ಬಿಯರು, ಒದ್ದೆ ಉಣ್ಣೆಯ ವಾಸನೆ.
ಗೋಲ್ಡ್‌ಕ್ರೆಸ್ಟಿನ ಸರದಿ ಬಂತು. ನಿನಗೆ ಗೊತ್ತಲ್ಲ,
ಸೂಜಿಗಣ್ಣಲ್ಲಿ ನುಸುಳಿದ ದಾರದಂಥ ಆ ಸ್ವರ.
ತುಟಿ ಈಗಲೂ ಅದನ್ನು ಬಲ್ಲದು.
ಇಡೀ ಸಭೆ ಒಮ್ಮೆಲೇ ತಲೆಯೆತ್ತಿತು.
ನನ್ನ ಕೌಶಲ್ಯಕ್ಕೆ ಎಂದುಕೊಂಡು ಇನ್ನೊಮ್ಮೆ ಮಾಡಿದೆ.

ದೀಪ ಆರಿಸುವ ಹೊತ್ತಿಗೆ ಒಬ್ಬ ಹುಡುಗಿ ಬಂದಳು.
ಪೀಪಾಯಿ ಮಾಡುವ ಹಾಸ್ಲರನ ಮಗಳು, ಒಟೀಲಿಯೆ, ಒಂಬತ್ತು ವರ್ಷ.
‘ತೊಲೆಯ ಮೇಲೆ ಒಂದು ಹಕ್ಕಿ ಸಿಕ್ಕಿಕೊಂಡಿದೆ.
ನೀವು ಹಾಡಿದಾಗಲೆಲ್ಲ ಅದೂ ಹಾಡಿತು.
ನೀವು ಒಮ್ಮೆಯೂ ಯಾಕೆ ನೋಡಲಿಲ್ಲ?’

ನೋಡಿದೆ. ನಮ್ಮ ಗೋಲ್ಡ್‌ಕ್ರೆಸ್ಟಿನ ಇಲ್ಲಿಯ ದಾಯಾದಿ,
ಹೆಬ್ಬೆರಳಿನಷ್ಟು. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು.
ಏನೂ ಇಲ್ಲ, ಹೆಸ್ಟರ್. ಗಾಜಿನ ಚಿತ್ರ.

ಏನೆಂದು ಹಾಡುತ್ತಿದೆ, ಎಂದು ಅವಳನ್ನೇ ಕೇಳಿದೆ.
ಹುಡುಗಿ ಬೆರಳೂರಿ ನಿಂತು ನನ್ನ ಕಿವಿಗೆ ಬಾಯಿ ತಂದಳು.
ಬೆಚ್ಚಗಿನ ಉಸಿರು, ಅಷ್ಟೇ.
ಆಹಾ, ಎಂದೆ.
‘ಸುಳ್ಳು,’ ಎಂದಳು,
ಏಣಿ ತರಲು ಅಪ್ಪನನ್ನು ಕೂಗುತ್ತ ಓಡಿದಳು.

ಈ ವಸಂತದಲ್ಲಿ ಗೋಲ್ಡ್‌ಕ್ರೆಸ್ಟ್ ಬಂದಿಲ್ಲವೆಂದು
ದಿನಚರಿಯಲ್ಲಿ ಬರೆದೆ. ಹಿಂದಿನ ವಸಂತವೂ ಬರೆದಿದ್ದೆ.
‘ಜಿಲ್ಲೆಯಲ್ಲಿ ಕ್ಷೀಣ’ ಎಂದು ಸೊಸೈಟಿಗೂ ಕಳಿಸಿದೆ, ಅವರು ಅಚ್ಚುಹಾಕಿದರು.
ಬಂದಿದ್ದವು, ಅಲ್ಲವೇ?
ಯೂ ಮರದ ಕೆಳಗೆ ನೀನು ಬಟ್ಟೆ ಹರವುತ್ತಿದ್ದೆ.
ನಾನು ಓದಿ ಹೇಳಿದಾಗ ಒಂದು ಅಂಗಿಯನ್ನು
ತುಂಬಾ ಹೊತ್ತು ಕೊಡವುತ್ತ ನಿಂತೆ.

*ಓಮಹಾ ರೈಲಿನಲ್ಲಿ, ಪೆನ್ಸಿಲಿನಿಂದ*

ಇನ್ನು ಹದಿನಾಲ್ಕು ಊರು. ಹೋಗುತ್ತೇನೆ.
ಮೂವತ್ತೊಂದನ್ನು ಇಪ್ಪತ್ತಾರು ಮಾಡು ಎಂದೆ ಪೆಟಿಬೋನನಿಗೆ.
ಅಚ್ಚಾಗಿಹೋಗಿದೆ, ಎಂದ.
ಉತ್ತರ ಎಷ್ಟು ಸಣ್ಣ ಅಕ್ಷರದಲ್ಲಾದರೂ ಬರೆ, ಕಣ್ಣು ನೆಟ್ಟಗಿವೆ.

ಡೇಟನ್ನಿನ ಕಾಗದಕ್ಕೆ ರುಜು ಹಾಕಿ ಅಂಚೆಗೆ ಹಾಕಿದೆ.
ಪೆಟ್ಟಿಗೆಯ ಕೆಳಗೆ, ಕುದುರೆ ಲದ್ದಿಯಲ್ಲಿ,
ಒಂದು ಓಟ್ ಕಾಳಿಗೆ ಗುಬ್ಬಿಗಳು ಜಗಳಾಡುತ್ತಿದ್ದವು.
ಒಂದಕ್ಷರ ಬಿಡದೆ ಕೇಳಿಸಿತು.